ಉಪ್ಪು ನೀರೊಡೆಯುವ ಊರಿನಲ್ಲಿ ಲೆನ್ಸಿಗೆ ಯಾವ ಗಾಜು, ಯಾವ ಹರಳು?

ಜೂನ್ ತಿಂಗಳ ಮಳೆ ಹಿಡಿದ ವಾರದೊಳಗೆ ಕುಮಟಾ, ಅಂಕೋಲಾ, ಕಾರವಾರದ ಅಡುಗೆಮನೆಗಳಲ್ಲಿ ಸಾಣಿಕಟ್ಟಾ ಆಗರದ ಉಪ್ಪು ಭರಣಿಯೊಳಗೇ ನೀರೊಡೆದಿರುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯಲ್ಲಿನ ನೀರು ಎಳೆದುಕೊಂಡು ಕರಗತೊಡಗುವುದು ಸಾಪೇಕ್ಷ ಆರ್ದ್ರತೆ ಶೇ 75 ದಾಟಿದ ಮೇಲೆ. ಆಗರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಸೇರಿರುತ್ತದೆ. ಅದು ಶೇ 33ರ ಆಸುಪಾಸಿಗೇ ನೀರೆಳೆಯುತ್ತದೆ, ಹಾಗಾಗಿ ಭರಣಿ ಇನ್ನೂ ಬೇಗ ಒದ್ದೆ. ಇದೇ ಉಪ್ಪನ್ನು ಶುದ್ಧಗೊಳಿಸಿ, ಒಂದೇ ಹರಳಾಗಿ ಬೆಳೆಸಿ, ಬಿಲ್ಲೆ ಕತ್ತರಿಸಿ ಹೊಳಪು ಕೊಟ್ಟರೆ ಇನ್ಫ್ರಾರೆಡ್ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕಿನ) ಉಪಕರಣದ ಕಿಟಕಿಯಾಗುತ್ತದೆ. ಬೆಲೆ ಬದಲಾಗುತ್ತದೆ, ಗುಣ ಭರಣಿಯದ್ದೇ.

ಆಪ್ಟಿಕ್ಸ್ ಪುಸ್ತಕಗಳು ಮೊದಲು ಕೇಳುವುದು ‘ಯಾವ ಬೆಳಕು ಹಾಯಬೇಕು’ ಎಂದು. ಉತ್ತರ ಕನ್ನಡದಲ್ಲಿ ಮೊದಲು ಕೇಳಬೇಕಾದ್ದು ‘ನೀರು ತಾಗಿದರೆ ಏನಾಗುತ್ತದೆ’ ಎಂದು. ಕರಾವಳಿಯಲ್ಲಿ ಮಳೆಗಾಲದ ಆರ್ದ್ರತೆ ದಿನಗಟ್ಟಲೆ ಶೇ 85–90ರಲ್ಲೇ ನಿಂತಿರುತ್ತದೆ. ಶಿರಸಿ, ಸಿದ್ದಾಪುರದ ಕಡೆ ಉಪ್ಪುಗಾಳಿಯ ಕಾಟವಿಲ್ಲ, ಥಂಡಿಗೇನೂ, ಅಂದರೆ ತೇವಕ್ಕೆ, ಕೊರತೆಯಿಲ್ಲ. ಕಾಲೇಜಿನ ಪ್ರಯೋಗಾಲಯ, ಹಕ್ಕಿ ನೋಡುವವರ ದುರ್ಬೀನು, ಲೇಸರ್ ಕೆತ್ತನೆಯ ಅಂಗಡಿ, ರಕ್ತಪರೀಕ್ಷೆಯ ಲ್ಯಾಬಿನ ಮೈಕ್ರೋಸ್ಕೋಪು, ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ಗಾಜು ಯಾವುದು, ಹರಳು ಯಾವುದು

ಗಾಜಿನಲ್ಲಿ ಅಣುಗಳ ಜೋಡಣೆಗೆ ಕ್ರಮವಿಲ್ಲ. ಬೆಳಕು ಎತ್ತಲಿಂದ ಹಾಯ್ದರೂ ಒಂದೇ ವರ್ತನೆ. ಹರಳಿನಲ್ಲಿ ಕ್ರಮವಿದೆ, ಆದರೆ ಎಲ್ಲ ಹರಳೂ ಒಂದೇ ಜಾತಿಯಲ್ಲ. ಅಡುಗೆ ಉಪ್ಪು, ಪೊಟ್ಯಾಸಿಯಂ ಬ್ರೋಮೈಡ್, ಕ್ಯಾಲ್ಸಿಯಂ ಫ್ಲೋರೈಡ್, ಜರ್ಮೇನಿಯಂ, ಸಿಲಿಕಾನ್ ಇವೆಲ್ಲ ಘನಾಕೃತಿಯ ಜಾಲದವು. ಬೆಳಕಿನ ಮಟ್ಟಿಗೆ ಗಾಜಿನ ಹಾಗೇ ನಡೆದುಕೊಳ್ಳುತ್ತವೆ. ಸ್ಫಟಿಕ, ಕ್ಯಾಲ್ಸೈಟ್, ನೀಲಮಣಿ (ಸಫೈರ್) ಹಾಗಲ್ಲ. ಇವು ಒಂದು ಕಿರಣವನ್ನು ಎರಡಾಗಿ ಸೀಳುತ್ತವೆ. ಬೆಳಕು ಎಷ್ಟು ಬಾಗುತ್ತದೆಂದು ಹೇಳುವ ಅಂಕಿ ವಕ್ರೀಭವನ ಸೂಚ್ಯಂಕ; ಕ್ಯಾಲ್ಸೈಟಿನ ಎರಡು ಸೂಚ್ಯಂಕಗಳು 1.658 ಮತ್ತು 1.486. ಅಂತರ ಎಷ್ಟು ದೊಡ್ಡದೆಂದರೆ, ಒಂದು ತುಂಡನ್ನು ಪಂಚಾಂಗದ ಮೇಲಿಟ್ಟರೆ ತಿಥಿ ಎರಡೆರಡು ಕಾಣುತ್ತದೆ. ಸ್ಫಟಿಕದಲ್ಲಿ 1.544 ಮತ್ತು 1.553, ಅಂತರ ಸಣ್ಣದು. ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುವ ತೆಳು ಫಲಕಗಳಿಗೆ ಅದೇ ಅನುಕೂಲ.

ಹೆಸರುಗಳು ಮಾತ್ರ ದಾರಿ ತಪ್ಪಿಸುತ್ತವೆ. ‘ಕ್ರಿಸ್ಟಲ್’ ಎಂದು ಮಾರುವ ಹೊಳೆಯುವ ಲೋಟ, ತೂಗುದೀಪದ ಮಣಿ ಹರಳೇ ಅಲ್ಲ, ಸೀಸದ ಅಥವಾ ಬೇರೆ ಲೋಹದ ಆಕ್ಸೈಡ್ ಸೇರಿಸಿದ ಗಾಜು. ಹಳೆಯ ಪದ್ಧತಿಯ ಲೆಡ್ ಕ್ರಿಸ್ಟಲ್‌ನಲ್ಲಿ ಸೀಸದ ಆಕ್ಸೈಡ್ ಶೇ 24 ಅಥವಾ ಹೆಚ್ಚು. ಸ್ಫಟಿಕವನ್ನೇ ಕರಗಿಸಿ ತಣಿಸಿದರೆ ಸಿಗುವ ‘ಫ್ಯೂಸ್ಡ್ ಸಿಲಿಕಾ’ ಮತ್ತೆ ಗಾಜು. ರಾಸಾಯನಿಕವಾಗಿ ಎರಡೂ ಸಿಲಿಕಾನ್ ಡೈಆಕ್ಸೈಡ್, ಆದರೆ ಸೂಚ್ಯಂಕ 1.458ಕ್ಕೆ ಇಳಿಯುತ್ತದೆ, ಸಾಂದ್ರತೆ 2.65ರಿಂದ 2.20ಕ್ಕೆ.

ಈ ವ್ಯತ್ಯಾಸ ಕಣ್ಣಾರೆ ನೋಡಲು ಗೋಕರ್ಣದ ರಥಬೀದಿಯಲ್ಲಿ ಸಿಗುವ ಸ್ಫಟಿಕ ಮಾಲೆ ಸಾಕು. ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿ ಪುಟ ತೆರೆಯಿರಿ. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿಗೆ ಕಂಪಿಸುವಂಥದ್ದು. ಪೋಲರೈಸ್ಡ್ ತಂಪು ಕನ್ನಡಕದ ಒಂದು ಗಾಜಿನ ಮೂಲಕ ನೋಡುತ್ತ ಕನ್ನಡಕವನ್ನು ನಿಧಾನ ತಿರುಗಿಸಿ, ಪರದೆ ಕಪ್ಪಾದಲ್ಲಿ ನಿಲ್ಲಿಸಿ. ಈಗ ಸಣ್ಣ ಗಾಜಿನ ಬಟ್ಟಲಲ್ಲಿ ತೆಂಗಿನೆಣ್ಣೆ ಹಾಕಿ, ಮಣಿಯನ್ನು ಅದರಲ್ಲಿ ಮುಳುಗಿಸಿ, ಪರದೆಗೂ ಕನ್ನಡಕಕ್ಕೂ ನಡುವೆ ಹಿಡಿದು ಮಣಿಯನ್ನು ಎಲ್ಲ ದಿಕ್ಕಿಗೂ ಹೊರಳಿಸಿ. ಗಾಜಿನ ಮಣಿ ಕತ್ತಲಾಗಿಯೇ ಉಳಿಯುತ್ತದೆ. ಸ್ಫಟಿಕವಾದರೆ ಹೊರಳಿಸಿದ ಹಾಗೆ ಬೆಳಗುತ್ತದೆ, ಆರುತ್ತದೆ, ಅಂಚಿನಲ್ಲಿ ಬಣ್ಣದ ಉಂಗುರಗಳು ಸುಳಿಯುತ್ತವೆ. ಎಣ್ಣೆ ಯಾಕೆಂದರೆ, ಬರೀ ಗಾಳಿಯಲ್ಲಿ ಮಣಿಯ ದುಂಡು ಮೈ ಬೆಳಕನ್ನು ಹೇಗೆ ಬೇಕೋ ಹಾಗೆ ತಿರುಚಿ ಗೊಂದಲ ಮಾಡುತ್ತದೆ. ಫೋನಿನ ಪರದೆ ಈ ಕೆಲಸಕ್ಕೆ ಬೇಡ. ಅನೇಕ ಫೋನುಗಳ ಪರದೆಗೆ ಇನ್ನೊಂದು ಪದರವಿದ್ದು ಪೂರ್ತಿ ಕಪ್ಪಾಗುವುದೇ ಇಲ್ಲ. ಬಟ್ಟಲು ಪ್ಲಾಸ್ಟಿಕ್ ಆದರೆ ಬಟ್ಟಲೇ ಬಣ್ಣ ತೋರಿಸುತ್ತದೆ.

ಇದೇ ಏರ್ಪಾಡಿನಲ್ಲಿ ಲೆನ್ಸನ್ನೂ ನೋಡಬಹುದು. ಒಳ್ಳೆಯ ಗಾಜಿನ ಲೆನ್ಸ್ ಪೂರ್ತಿ ಕತ್ತಲು. ಅಂಚಿನಲ್ಲಿ ಮೂರ್ನಾಲ್ಕು ಕಡೆ ಬೆಳಕಿನ ಮಚ್ಚೆ ಕಂಡರೆ ಉಂಗುರದ ತಿರುಪು ಅತಿಯಾಗಿ ಬಿಗಿಯಾಗಿದೆ ಎಂದರ್ಥ. ಸಡಿಲಿಸಿದ ಕೂಡಲೇ ಮಾಯವಾಗುತ್ತದೆ. ಸಡಿಲಿಸಿದರೂ ಹೋಗದಿದ್ದರೆ ದೋಷ ಗಾಜಿನೊಳಗೇ ಇದೆ, ಸರಿಯಾಗಿ ತಣಿಸಿಲ್ಲ. ಅಂಥದ್ದನ್ನು ಭೂತಗನ್ನಡಿಗೆ ಬಳಸಿ, ದೂರದರ್ಶಕಕ್ಕೆ ಬೇಡ.

ಯಾವ ಬೆಳಕಿಗೆ ಯಾವುದು

ಕಣ್ಣಿಗೆ ಕಾಣುವ ಬೆಳಕು ಮಾತ್ರ ಸಾಕಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಬಿಕೆ7 ಎಂಬ ಸಾಮಾನ್ಯ ಲೆನ್ಸ್ ಗಾಜು. ಸೂಚ್ಯಂಕ 1.5168, 350 ನ್ಯಾನೊಮೀಟರಿನಿಂದ 2 ಮೈಕ್ರಾನ್ (2000 ನ್ಯಾನೊಮೀಟರ್) ಅಲೆಯುದ್ದದವರೆಗೆ ಬೆಳಕು ಬಿಡುತ್ತದೆ. ಥಂಡಿಗೂ ಬಗ್ಗುವುದಿಲ್ಲ. ಲೆನ್ಸ್ ಗಾಜು ತಯಾರಿಸುವ ಜರ್ಮನಿಯ ಷಾಟ್ ಕಂಪನಿಯ ಗಾಜಿನ ಪಟ್ಟಿಯಲ್ಲಿ ‘ಸಿಆರ್’ ಎಂಬ ಅಂಕಣವಿರುತ್ತದೆ. ಆವಿ ತುಂಬಿದ ಗಾಳಿಯಲ್ಲಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆ ಏರಿಳಿಸಿ ಗಾಜು ಎಷ್ಟು ಮಸುಕಾಗುತ್ತದೆಂದು ನೋಡಿ 1ರಿಂದ 4ರವರೆಗೆ ದರ್ಜೆ ಕೊಟ್ಟಿರುತ್ತಾರೆ. ಬಿಕೆ7 ಒಂದನೇ ದರ್ಜೆ. ಎನ್-ಎಸ್‌ಕೆ16 ನಾಲ್ಕನೇ ದರ್ಜೆ. ಲೆನ್ಸ್ ವಿನ್ಯಾಸದ ಲೆಕ್ಕಕ್ಕೆ ಚೆಂದದ ಗಾಜು, ಆದರೆ ಲೆನ್ಸಿನ ಹೊರಮೈಯಾಗಿ ಬಳಸಿದರೆ ನಮ್ಮ ಗಾಳಿಗೆ ಮಬ್ಬಾಗುತ್ತದೆ. ಬೇರೆ ಊರಿನವರು ಓದದೇ ಬಿಡುವ ಈ ಅಂಕಣವನ್ನು ನಾವು ಮೊದಲು ಓದಬೇಕು.

ಅತಿನೇರಳೆ ಬೇಕಾದರೆ ಫ್ಯೂಸ್ಡ್ ಸಿಲಿಕಾ, 185 ನ್ಯಾನೊಮೀಟರ್‌ವರೆಗೆ ಇಳಿಯುತ್ತದೆ. ಬಿಸಿಗೆ ಹಿಗ್ಗುವುದು ಬಿಕೆ7ರ ಹದಿಮೂರನೇ ಒಂದು ಪಾಲು ಮಾತ್ರ, ನೀರಿಗೆ ಜಗ್ಗುವುದಿಲ್ಲ. ಕರಾವಳಿಗೆ ಇದಕ್ಕಿಂತ ನಿಶ್ಚಿಂತೆಯ ಸಾಮಗ್ರಿ ಇಲ್ಲ. ಕೊಳ್ಳುವಾಗ ಒಂದೇ ಎಚ್ಚರ: ಅತಿನೇರಳೆ ದರ್ಜೆಯದರಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ–ಜಲಜನಕದ ಜೋಡಿ) ಹೆಚ್ಚಿದ್ದು 2.7 ಮೈಕ್ರಾನ್ ಸುತ್ತ ಬೆಳಕು ನುಂಗುತ್ತದೆ. 3.5 ಮೈಕ್ರಾನ್‌ವರೆಗೆ ಹೋಗಬೇಕಿದ್ದರೆ ಇನ್ಫ್ರಾರೆಡ್ ದರ್ಜೆ ಎಂದೇ ಕೇಳಿ.

ಕ್ಯಾಲ್ಸಿಯಂ ಫ್ಲೋರೈಡ್ 0.18ರಿಂದ 8 ಮೈಕ್ರಾನ್‌ವರೆಗೆ. 100 ಗ್ರಾಂ ನೀರಿನಲ್ಲಿ ಕರಗುವುದು 0.0017 ಗ್ರಾಂ, ಹಾಗಾಗಿ ಥಂಡಿಯ ಭಯವಿಲ್ಲ. ಇದರ ಶತ್ರು ಬೇರೆ: ಹಠಾತ್ ಬಿಸಿ–ತಂಪು. ಬಿಕೆ7ಗಿಂತ ಎರಡೂವರೆ ಪಟ್ಟು ಹಿಗ್ಗುತ್ತದೆ, ಪದರ ಪದರವಾಗಿ ಸೀಳುವ ಸ್ವಭಾವವೂ ಇದೆ. ಎ.ಸಿ. ಕೋಣೆಯಿಂದ ತಂದು ಬಿಸಿ ನೀರಿನಲ್ಲಿ ತೊಳೆದರೆ ‘ಟಿಕ್’ ಎಂಬ ಸದ್ದು ಕೇಳಿಸುತ್ತದೆ, ಅಲ್ಲಿಗೆ ಮುಗಿಯಿತು. ಬೇರಿಯಂ ಫ್ಲೋರೈಡ್ 12 ಮೈಕ್ರಾನ್‌ವರೆಗೆ ಹೋಗುತ್ತದೆ, ಆದರೆ ನೀರಿನಲ್ಲಿ ಕರಗುವುದು ಕ್ಯಾಲ್ಸಿಯಂ ಫ್ಲೋರೈಡಿನ ನೂರು ಪಟ್ಟು. ಮೇಲೆ ಬಿದ್ದ ಹನಿ ತಾನಾಗಿ ಆರಿದರೆ ಕಲೆ ಉಳಿದೀತು. ಕೂಡಲೇ ಒತ್ತಿ ತೆಗೆಯಿರಿ, ಮಳೆಗಾಲದಲ್ಲಿ ಡಬ್ಬಿಯಿಂದ ಹೊರಗೆ ಬಿಡಬೇಡಿ.

ಥರ್ಮಲ್ ಕ್ಯಾಮೆರಾದ ಲೆನ್ಸ್ ಸಾಮಾನ್ಯವಾಗಿ ಜರ್ಮೇನಿಯಂ. ಕಣ್ಣಿಗೆ ಕರಿ ಲೋಹದ ಬಿಲ್ಲೆ, 2ರಿಂದ 14 ಮೈಕ್ರಾನ್ ಬೆಳಕಿಗೆ ಪಾರದರ್ಶಕ. ಸೂಚ್ಯಂಕ 4, ಹಾಗಾಗಿ ಪ್ರತಿಫಲನ ತಗ್ಗಿಸುವ ಲೇಪನವಿಲ್ಲದ ಒಂದೊಂದು ಮೈಯೂ ಶೇ 36 ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಎರಡು ಮೈ ದಾಟಿ ಬರುವುದು ಶೇ 47 ಮಾತ್ರ. (ಬಿಕೆ7ರಲ್ಲಿ ಒಂದು ಮೈಗೆ ಶೇ 4.2 ನಷ್ಟ.) ಅದಕ್ಕೇ ಜರ್ಮೇನಿಯಂ ಲೆನ್ಸಿನ ಲೇಪನ ಗೀರಿಹೋದರೆ ಲೆನ್ಸೇ ಅರ್ಧ ಹೋದ ಹಾಗೆ. ಬಿಸಿ 100 ಡಿಗ್ರಿ ದಾಟಿದರೆ ತಾನೇ ಬೆಳಕು ನುಂಗತೊಡಗುತ್ತದೆ. ಸಮುದ್ರದ ತುಂತುರಿನಿಂದ ಕಾಪಾಡಲೆಂದು ಇದರ ಮುಂದೆ ಗಾಜು ಕೂಡಿಸುವವರಿದ್ದಾರೆ. 8–14 ಮೈಕ್ರಾನ್‌ಗೆ ಗಾಜೆಂದರೆ ಗೋಡೆ, ಚಿತ್ರದಲ್ಲಿ ಗಾಜಿನದೇ ಬಿಸಿ ಕಾಣುತ್ತದೆ. ತೀರಾ ಅಗತ್ಯವಾದರೆ ತೆಳುವಾದ ಪಾಲಿಥೀನ್ ಹಾಳೆಯನ್ನು ಸುಕ್ಕಿಲ್ಲದೆ ಎಳೆದು ಕಟ್ಟಿ. ಸ್ವಲ್ಪ ಬೆಳಕು ಹೋಗುತ್ತದೆ, ಕೆಲಸ ನಿಲ್ಲುವುದಿಲ್ಲ.

ಸಿಲಿಕಾನ್ 1.2ರಿಂದ 7 ಮೈಕ್ರಾನ್‌ಗೆ, ಹಗುರ. ಸಫೈರ್ 5 ಮೈಕ್ರಾನ್‌ವರೆಗೆ, ಗಡಸುತನ ಮೋಹ್ಸ್ 9; ಬೀಚಿನ ಮರಳು ಅಂದರೆ ಬಹುಪಾಲು ಸ್ಫಟಿಕ, ಗಡಸುತನ 7, ಅದು ಸಫೈರನ್ನು ಗೀರಲಾರದು, ಗಾಜನ್ನು ಗೀರುತ್ತದೆ. ಪ್ಲಾಸ್ಟಿಕ್ ಲೆನ್ಸುಗಳು (ಅಕ್ರಿಲಿಕ್ 1.49, ಪಾಲಿಕಾರ್ಬೊನೇಟ್ 1.585) ಕನ್ನಡಕಕ್ಕೆ, ಆಟಿಕೆಗೆ ಸರಿ.

ಎರಡು ಗಾಜಿನ ಜೋಡಿ, ದುರ್ಬೀನಿನ ಪ್ರಿಸಂ

ಒಂದೇ ಗಾಜಿನ ಲೆನ್ಸ್ ನೀಲಿಯನ್ನು ಹತ್ತಿರ, ಕೆಂಪನ್ನು ದೂರ ಕೂಡಿಸುತ್ತದೆ. ಬಣ್ಣ ಎಷ್ಟು ಚೆದುರುತ್ತದೆಂದು ಹೇಳುವುದು ಅಬೆ ಸಂಖ್ಯೆ; ದೊಡ್ಡದಿದ್ದಷ್ಟೂ ಚೆದುರುವಿಕೆ ಕಡಿಮೆ. ಬಿಕೆ7ಗೆ 64.17, ಎಫ್2 ಎಂಬ ಫ್ಲಿಂಟ್ ಗಾಜಿಗೆ 36.37, ಕ್ಯಾಲ್ಸಿಯಂ ಫ್ಲೋರೈಡಿಗೆ 95. 500 ಮಿಲಿಮೀಟರ್ ನಾಭಿದೂರದ ಜೋಡಿ ಲೆನ್ಸ್ ಬೇಕೆಂದರೆ ಲೆಕ್ಕ ಹೀಗೆ: ಎರಡರ ಅಬೆ ಸಂಖ್ಯೆಯ ವ್ಯತ್ಯಾಸ 27.80. ಬಿಕೆ7 ಉಬ್ಬು ಲೆನ್ಸಿನ ನಾಭಿದೂರ 500 × 27.80 ÷ 64.17, ಅಂದರೆ 216.6 ಮಿ.ಮೀ. ಎಫ್2 ತಗ್ಗು ಲೆನ್ಸಿನದು 500 × 27.80 ÷ 36.37, ಅಂದರೆ 382.2 ಮಿ.ಮೀ., ಋಣ. ಈ ಎರಡು ಗಾಜು ಬಿಸಿಗೆ ಹಿಗ್ಗುವ ಪ್ರಮಾಣ ಹತ್ತಿರ ಹತ್ತಿರ, ಹಾಗಾಗಿ ಅಂಟಿಸಬಹುದು. ಕ್ಯಾಲ್ಸಿಯಂ ಫ್ಲೋರೈಡನ್ನು ಗಾಜಿಗೆ ಗಟ್ಟಿ ಅಂಟಿನಿಂದ ಕೂಡಿಸಿದರೆ ಒಂದಲ್ಲ ಒಂದು ದಿನ ಅಂಟು ಬಿಡುತ್ತದೆ ಇಲ್ಲವೆ ಹರಳು ಸೀಳುತ್ತದೆ. ನಡುವೆ ಗಾಳಿಯ ಸಂದು ಇಡುವುದೇ ವಾಡಿಕೆ.

ದಾಂಡೇಲಿಯ ಮಂಗಟ್ಟೆ, ಅಘನಾಶಿನಿ ಅಳಿವೆಯ ನೀರುಹಕ್ಕಿ ನೋಡಲು ದುರ್ಬೀನು ಕೊಳ್ಳುವಾಗ ಪ್ರಿಸಂ ಯಾವುದೆಂದು ಅಂಗಡಿಯಲ್ಲೇ ನೋಡಬಹುದು. ದುರ್ಬೀನನ್ನು ತೋಳುದ್ದ ದೂರ ಹಿಡಿದು, ಆಕಾಶದತ್ತ ತಿರುಗಿಸಿ, ಕಣ್ಣಿಡುವ ತುದಿಯಲ್ಲಿ ಕಾಣುವ ಬೆಳಕಿನ ಬಿಲ್ಲೆ ಗಮನಿಸಿ. ಬಿಲ್ಲೆ ಪೂರ್ತಿ ದುಂಡಗೆ ಬೆಳ್ಳಗಿದ್ದರೆ ಬಿಎಕೆ4 ಗಾಜು (ಸೂಚ್ಯಂಕ 1.569). ಅಂಚು ಬೂದಿ ಬಣ್ಣಕ್ಕೆ ತಿರುಗಿ ಚೌಕದಂತೆ ಕಂಡರೆ ಬಿಕೆ7: ಓರೆಯಾಗಿ ಬಂದ ಕಿರಣಗಳು ಒಳಗೆ ಪೂರ್ತಿ ಪ್ರತಿಫಲಿಸದೆ ಸೋರಿಹೋಗಿವೆ. ಇಷ್ಟು ನೋಡಿದ ಮೇಲೂ ಒಂದು ಮಾತು. ದುಡ್ಡು ಒಂದಕ್ಕೇ ಸಾಲುವುದಾದರೆ, ಈ ಜಿಲ್ಲೆಯಲ್ಲಿ ದುಬಾರಿ ಗಾಜಿಗಿಂತ ನೈಟ್ರೋಜನ್ ತುಂಬಿ ಮುಚ್ಚಿದ ಜಲನಿರೋಧಕ ಕೊಳವೆಯೇ ಮೇಲು. ಬೂಷ್ಟು ಹಿಡಿದ ಬಿಎಕೆ4ಕ್ಕಿಂತ ಶುಭ್ರ ಬಿಕೆ7 ಲಕ್ಷ ಪಾಲು ವಾಸಿ.

ಹೆಸರಿಲ್ಲದ ತುಂಡನ್ನು ಗುರುತಿಸುವುದು

ಲ್ಯಾಬಿನ ಕಪಾಟಿನಲ್ಲಿ ಚೀಟಿ ಉದುರಿದ ಪ್ರಿಸಂ, ಬಿಲ್ಲೆಗಳು ಇದ್ದೇ ಇರುತ್ತವೆ. ನೀರಿಗೆ ಹಾಕುವ ಮೊದಲು ಅದು ಉಪ್ಪಿನ ಜಾತಿಯದಲ್ಲ ಎಂದು ಖಚಿತಪಡಿಸಿಕೊಳ್ಳಿ: ಅಂಚಿಗೆ ಒದ್ದೆ ಹತ್ತಿಯ ತುದಿ ಮುಟ್ಟಿಸಿ ಒರೆಸಿ, ಆ ಜಾಗ ಮಬ್ಬಾದರೆ ಅಲ್ಲಿಗೇ ನಿಲ್ಲಿಸಿ. ಅಂಟಿಸಿದ ಜೋಡಿ ಲೆನ್ಸನ್ನೂ ಮುಳುಗಿಸಬೇಡಿ.

ಸಾಂದ್ರತೆಗೆ 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ತುಂಡನ್ನು ಒಣಗಿದ್ದಾಗ ತೂಗಿ. ಬಳಿಕ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತುಂಡನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಲ್ಲಿ ಇಳಿಬಿಡಿ. ಈಗ ಕಾಣುವ ಅಂಕಿ ಹೊರದೂಡಿದ ನೀರಿನ ತೂಕ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 13.25 ಗ್ರಾಂ ತೂಗುವ ತುಂಡಿಗೆ 5.00 ಬಂದರೆ 2.65, ಸ್ಫಟಿಕ. 6.02 ಬಂದರೆ 2.20, ಫ್ಯೂಸ್ಡ್ ಸಿಲಿಕಾ. ಬಿಕೆ7 2.51, ಕ್ಯಾಲ್ಸಿಯಂ ಫ್ಲೋರೈಡ್ 3.18, ಸಫೈರ್ 3.98, ಜಿಂಕ್ ಸೆಲೆನೈಡ್ 5.27, ಜರ್ಮೇನಿಯಂ 5.33, ಅಕ್ರಿಲಿಕ್ 1.18. ತಪ್ಪಾಗುವುದು ಮೈಗಂಟಿದ ಗಾಳಿಗುಳ್ಳೆಯಿಂದ. ನೀರಿಗೆ ಪಾತ್ರೆ ಸೋಪಿನ ಒಂದೇ ಹನಿ ಹಾಕಿದರೆ ಬಿಡುತ್ತದೆ.

ಸೂಚ್ಯಂಕವನ್ನು ಅಂದಾಜು ಮಾಡಲು ಎಣ್ಣೆಗಳೇ ಉಪಕರಣ. ಸೂಚ್ಯಂಕ ಹೊಂದಿದ ಎಣ್ಣೆಯಲ್ಲಿ ತುಂಡಿನ ಅಂಚು ಮಾಯವಾಗುತ್ತದೆ. ತೆಂಗಿನೆಣ್ಣೆ ಸುಮಾರು 1.45: ಫ್ಯೂಸ್ಡ್ ಸಿಲಿಕಾ ಇದರಲ್ಲಿ ಹೆಚ್ಚುಕಡಿಮೆ ಕಾಣದಾಗುತ್ತದೆ. ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ 1.47: ಬೋರೋಸಿಲಿಕೇಟ್ ಗಾಜು ಮುಳುಗಿ ಮರೆಯಾಗುತ್ತದೆ. ಲವಂಗದ ಎಣ್ಣೆ 1.53: ಬಿಕೆ7, ಕಿಟಕಿ ಗಾಜು ಮಸಕು ಮಸಕು. ಕಲಬೆರಕೆ ಲವಂಗದ ಎಣ್ಣೆಯ ಸೂಚ್ಯಂಕ ಬೇರೆಯೇ ಇರುತ್ತದೆ, ಗುರುತಿರುವ ಬಿಕೆ7 ತುಂಡೊಂದನ್ನು ಮೊದಲು ಹಾಕಿ ನೋಡಿ. ಈ ಎಣ್ಣೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಅಕ್ರಿಲಿಕ್ ಇಳಿಸಬೇಡಿ. ಲೇಪನವಿರುವ ತುಂಡಿಗೆ ಈ ಪರೀಕ್ಷೆಯೇ ಬೇಡ.

ಹೆಚ್ಚು ನಿಖರತೆ ಬೇಕೆಂದರೆ ಬಿ.ಎಸ್ಸಿ. ಲ್ಯಾಬಿನ ಟ್ರಾವೆಲಿಂಗ್ ಮೈಕ್ರೋಸ್ಕೋಪು. ಚಪ್ಪಟೆ ಬಿಲ್ಲೆಯ ದಪ್ಪವನ್ನು ಗಾಜಿನ ಮೂಲಕ ಕಾಣುವ ದಪ್ಪದಿಂದ ಭಾಗಿಸಿದರೆ ಸೂಚ್ಯಂಕ. ಕಾಗದದ ಮೇಲಿನ ಗೀಟಿಗೆ ಫೋಕಸ್ ಮಾಡಿ, ಬಿಲ್ಲೆ ಇಟ್ಟು ಮತ್ತೆ ಅದೇ ಗೀಟಿಗೆ, ಕೊನೆಗೆ ಬಿಲ್ಲೆಯ ಮೇಲ್ಮೈಗೆ ಹಾಕಿದ ಪುಡಿಗೆ. 6.00 ಮಿ.ಮೀ. ದಪ್ಪಕ್ಕೆ ಕಾಣುವ ದಪ್ಪ 3.96 ಬಂದರೆ ಬಿಕೆ7, 4.11 ಬಂದರೆ ಫ್ಯೂಸ್ಡ್ ಸಿಲಿಕಾ, 3.70 ಬಂದರೆ ಎಫ್2. 0.02 ಮಿ.ಮೀ. ತಪ್ಪಿದರೆ ಸೂಚ್ಯಂಕದ ಎರಡನೇ ದಶಾಂಶದಲ್ಲಿ ಒಂದು ಅಂಕಿ ಅತ್ತಿತ್ತ, ಅಷ್ಟೆ. 60 ಡಿಗ್ರಿ ಪ್ರಿಸಂ ಆದರೆ ಸ್ಪೆಕ್ಟ್ರೋಮೀಟರಿನಲ್ಲಿ ಸೋಡಿಯಂ ಬೆಳಕಿಗೆ ಕನಿಷ್ಠ ವಿಚಲನೆ ನೋಡಿ: 38.6 ಡಿಗ್ರಿಯ ಹತ್ತಿರ ಬಿಕೆ7, 48.2ರ ಹತ್ತಿರ ಎಫ್2, 66ರ ಹತ್ತಿರ ಎಸ್ಎಫ್11 ಎಂಬ ಇನ್ನೊಂದು ಫ್ಲಿಂಟ್ ಗಾಜು.

ಉಪ್ಪಿನ ಕಿಟಕಿಗಳು

ಇನ್ಫ್ರಾರೆಡ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬುಗಳು ಪೊಟ್ಯಾಸಿಯಂ ಬ್ರೋಮೈಡ್ ಬಿಟ್ಟು ನಡೆಯುವುದಿಲ್ಲ. 25 ಮೈಕ್ರಾನ್‌ವರೆಗೆ ಬೆಳಕು ಬಿಡುವ ಅಗ್ಗದ ಹರಳು ಅದೊಂದೇ ಎನ್ನಬಹುದು. ಗಾಳಿಯಲ್ಲಿ ಕರಗತೊಡಗುವುದು ಶೇ 81ಕ್ಕೆ. ಅಂದರೆ ಜುಲೈ ತಿಂಗಳಿಡೀ ಹೊರಗಿಟ್ಟ ಬಿಲ್ಲೆ ಕರಗುತ್ತಲೇ ಇರುತ್ತದೆ. ಬೆರಳಿನ ಬೆವರೂ ಸಾಕು, ಮುಟ್ಟಿದಲ್ಲಿ ಗುರುತು ಬೀಳುತ್ತದೆ. ಕೈಗವಸು ಹಾಕಿ, ಅಂಚು ಹಿಡಿದೇ ಎತ್ತಿ.

ಮಾದರಿಯ ಬಿಲ್ಲೆ ಒತ್ತುವುದಾದರೆ ಪುಡಿಯನ್ನು 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, 200 ಮಿಲಿಗ್ರಾಂಗೆ 1–2 ಮಿಲಿಗ್ರಾಂ ಮಾದರಿ ಸೇರಿಸಿ. ಅರೆಯುವ ಕಲ್ವವನ್ನೂ ಒತ್ತುವ ಅಚ್ಚನ್ನೂ 40–45 ಡಿಗ್ರಿಗೆ ಬೆಚ್ಚಗಿಡಿ, ಆಗ ಅವುಗಳ ಮೇಲೆ ಇಬ್ಬನಿ ಕೂರುವುದಿಲ್ಲ. ಬಿಲ್ಲೆ ಹಾಲಿನಂತೆ ಬೆಳ್ಳಗಾಗಿ, ರೇಖೆಯಲ್ಲಿ 3400 ಮತ್ತು 1640ರ ಬಳಿ (ಒಂದು ಸೆಂ.ಮೀ.ಗೆ ಎಷ್ಟು ಅಲೆ ಎಂಬ ಲೆಕ್ಕ) ಗುಡ್ಡ ಎದ್ದರೆ ಅದು ಮಾದರಿಯದ್ದಲ್ಲ, ನೀರಿನದ್ದು. ನಿಜ ಹೇಳಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಲ್ಲೆಯ ಹಟ ಬಿಟ್ಟು ಎಟಿಆರ್ (ಮಾದರಿಯನ್ನು ನೇರ ಹರಳಿನ ಮೇಲಿಟ್ಟು ನೋಡುವ ವಿಧಾನ) ಬಳಸುವುದೇ ಲೇಸು. ಅದರ ಹರಳು ಜಿಂಕ್ ಸೆಲೆನೈಡ್ ಆದರೆ ಪಿಎಚ್ 5ರಿಂದ 9ರೊಳಗಿನದನ್ನು ಮಾತ್ರ ಮೇಲಿಡಿ. ಮುರುಗಲು ರಸದಂಥ ಹುಳಿಗೆ ವಜ್ರದ ಎಟಿಆರ್ ಬೇಕು.

ದೊಡ್ಡ ನಷ್ಟ ಆಗುವುದು ಮಾತ್ರ ಬಿಲ್ಲೆಯಲ್ಲಲ್ಲ, ಯಂತ್ರದೊಳಗೆ. ಬೆಳಕನ್ನು ಎರಡಾಗಿ ಹಂಚುವ ಫಲಕ ಬಹುತೇಕ ಯಂತ್ರಗಳಲ್ಲಿ ಪೊಟ್ಯಾಸಿಯಂ ಬ್ರೋಮೈಡಿನದೇ. ಚೌತಿ ರಜೆ ಬಂತೆಂದು ಮೇನ್ ಸ್ವಿಚ್ ಆರಿಸಿ ಹೋದರೆ ಒಳಗಿನ ಬೆಚ್ಚಗಿನ ಗಾಳಿ ತಣಿದು ಫಲಕ ಮಬ್ಬಾಗುತ್ತದೆ. ಮಳೆಗಾಲದಲ್ಲಿ ಯಂತ್ರ ಸದಾ ಚಾಲೂ ಇರಲಿ, ಒಣಕಾರಕದ ಡಬ್ಬಿಯನ್ನು ಪ್ರತಿ ವಾರ ನೋಡಿ.

ಒಣ ಡಬ್ಬಿ

ರಬ್ಬರ್ ಪಟ್ಟಿಯ ಮುಚ್ಚಳವಿರುವ 20 ಲೀಟರ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ಒಂದು ಚಿಕ್ಕ ಆರ್ದ್ರತಾ ಮಾಪಕ, ಇಷ್ಟೇ ಸಾಮಾನು. 28 ಡಿಗ್ರಿಯ, ಶೇ 90 ಆರ್ದ್ರತೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 24.5 ಗ್ರಾಂ ನೀರು. 20 ಲೀಟರಿನಲ್ಲಿ ಅರ್ಧ ಗ್ರಾಂ ಮಾತ್ರ. ಜೆಲ್ ತನ್ನ ತೂಕದ ಐದನೇ ಒಂದು ಪಾಲು, ಅಂದರೆ 50 ಗ್ರಾಂ ನೀರು ಹಿಡಿಯಬಲ್ಲದು. ಹಾಗಾದರೆ ಎರಡೇ ವಾರಕ್ಕೆ ಯಾಕೆ ಸೋಲುತ್ತದೆ? ಒದ್ದೆ ಚೀಲ, ಸ್ಪಂಜು, ಚರ್ಮದ ಪಟ್ಟಿ ಸಮೇತ ಒಳಗೆ ತುರುಕುವುದರಿಂದ. ಲೆನ್ಸ್ ಮಾತ್ರ ಒಳಗೆ ಹೋಗಲಿ, ಚೀಲ ಹೊರಗಿರಲಿ. ಅಕ್ಕಿ ಹಾಕುವ ಸಲಹೆ ನಂಬಬೇಡಿ, ಹೀರುವುದಕ್ಕಿಂತ ಧೂಳು ಉದುರಿಸುವುದೇ ಹೆಚ್ಚು.

ಕ್ಯಾಮೆರಾ, ದುರ್ಬೀನಿಗೆ ಶೇ 40–50 ಗುರಿ. ತೀರಾ ಒಣಗಿದರೆ ರಬ್ಬರು ಸೀಳುತ್ತದೆ, ಜಾರುವ ಗ್ರೀಸು ಗಟ್ಟಿಯಾಗುತ್ತದೆ. ಉಪ್ಪಿನ ಹರಳುಗಳಿಗೆ ಬೇರೆಯೇ ಡಬ್ಬಿ, ಅದು ಎಷ್ಟು ಒಣಗಿದರೂ ಒಳ್ಳೆಯದೇ. ಜೆಲ್ಲನ್ನು 110–120 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿ ಮತ್ತೆ ಬಳಸಬಹುದು. ಬಾಣಲೆಯಲ್ಲಿ ಹುರಿದರೆ ಬಿಸಿ ಮೀರಿ ಬಣ್ಣ ಕರಕಾಗುತ್ತದೆ. ನೀಲಿ ಜೆಲ್‌ನಲ್ಲಿರುವುದು ಕೋಬಾಲ್ಟ್ ಕ್ಲೋರೈಡ್, ಅದು ವಿಷ. ಅಡುಗೆಯ ಓವನ್ ಹತ್ತಿರ ಒಯ್ಯಬೇಡಿ, ಕಿತ್ತಳೆಯದು ಕೊಳ್ಳಿ. ಕಾಯಿಸಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು ಪೂರ್ತಿ ತಣಿದ ನಂತರ ಹಾಕಿ. ಚೀಲದ ಮೇಲೆ ಒಣ ತೂಕ ಬರೆದಿಡಿ. 250 ಗ್ರಾಂ 300 ಆದಾಗ ಬದಲಿಸಿದರೆ ಬಣ್ಣದ ಉಸಾಬರಿಯೇ ಇಲ್ಲ.

ದೊಡ್ಡ ಮೈಕ್ರೋಸ್ಕೋಪಿಗೆ ಬಲ್ಬಿನ ಕಪಾಟು ಹಳೆಯ ಉಪಾಯ. ಹೊರಗೆ 28 ಡಿಗ್ರಿ, ಶೇ 90 ಇದ್ದಾಗ ಕಪಾಟು 35 ಡಿಗ್ರಿಗೆ ಏರಿದರೆ ಮಾತ್ರ ಒಳಗೆ ಶೇ 60 ಆಗುತ್ತದೆ. ಎರಡು ಮೂರು ಡಿಗ್ರಿಯ ಬೆಚ್ಚಗೆ ಏನೂ ಉಪಯೋಗವಿಲ್ಲ. ಎಲ್‌ಇಡಿ ಬಲ್ಬಿಗೆ ಅಷ್ಟು ಬಿಸಿಯಿಲ್ಲ. ಕರೆಂಟು ಹೋದ ರಾತ್ರಿ ಎಲ್ಲ ಮೊದಲಿನಂತೆ. ಇನ್ನು ಒಲೆ ಮೇಲಿನ ಅಟ್ಟ: ಕಾಳುಮೆಣಸಿಗೆ ಸರಿ, ಲೆನ್ಸಿನ ಮೇಲೆ ಹೊಗೆಯ ಜಿಡ್ಡು ಕೂತರೆ ಲೇಪನ ಉಜ್ಜದೆ ಬಿಡುವುದಿಲ್ಲ.

ಒರೆಸುವ ಕ್ರಮ

ಕಡಲ ತುಂತುರು ಬಿದ್ದ ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸುವುದು ಈ ಕಡೆಯ ಸಾಮಾನ್ಯ ತಪ್ಪು. ಉಪ್ಪು ಮೆತ್ತಗಿನ ವಸ್ತು, ಗೀರುವುದು ಅದರ ಜೊತೆ ಅಂಟಿದ ಮರಳು. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ. ಬಳಿಕ ಡಿಸ್ಟಿಲ್ಡ್ ನೀರಿನಲ್ಲಿ (ಬ್ಯಾಟರಿಗೆ ಹಾಕುವ ನೀರು, ಆಸಿಡ್ ಅಲ್ಲ, ಲೇಬಲ್ ಓದಿ) ಅದ್ದಿದ ಲೆನ್ಸ್ ಕಾಗದವನ್ನು ಮೇಲೆ ಹಾಸಿ ಅರ್ಧ ನಿಮಿಷ ಬಿಡಿ, ಒತ್ತದೆ ಎಳೆದು ತೆಗೆಯಿರಿ. ಉಪ್ಪು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗುವುದಿಲ್ಲ, ಅದಕ್ಕೇ ನೀರು ಮೊದಲು, ಆಲ್ಕೋಹಾಲ್ ಆಮೇಲೆ. ಪ್ರತಿ ಬಾರಿಗೂ ಹೊಸ ಕಾಗದ.

ಬೂಷ್ಟನ್ನು ಕತ್ತಲಲ್ಲಿ ಟಾರ್ಚನ್ನು ಓರೆಯಾಗಿ ಬಿಟ್ಟು ಹುಡುಕಿ. ಜೇಡರ ಬಲೆಯ ಎಳೆಯಂತೆ ಕಾಣುತ್ತದೆ. ಔಷಧಿ ಅಂಗಡಿಯ ಶೇ 3 ಹೈಡ್ರೋಜನ್ ಪೆರಾಕ್ಸೈಡನ್ನು ಕಾಗದಕ್ಕೆ ಹಾಕಿ ಎರಡು ಮೂರು ನಿಮಿಷ ಹಾಸಿ, ನೀರಿನಿಂದ, ನಂತರ ಆಲ್ಕೋಹಾಲಿನಿಂದ ತೆಗೆಯಿರಿ. ಎಳೆ ಹೋದರೂ ಅದರ ಅಚ್ಚು ಉಳಿದರೆ ಬೂಷ್ಟಿನ ಆಮ್ಲ ಗಾಜನ್ನೇ ಕೊರೆದಿದೆ, ಅದಕ್ಕೆ ಮದ್ದಿಲ್ಲ. ಬಿಸಿಲಿಗಿಡುವವರು ನೆನಪಿಡಬೇಕು: ಲೆನ್ಸ್ ಬಿಸಿಲಲ್ಲಿ ಬೆಂಕಿಪೆಟ್ಟಿಗೆಯೇ ಸರಿ.

ಲೇಸರ್ ಅಂಗಡಿಯ ಹಳದಿ ಲೆನ್ಸ್

ಅಕ್ರಿಲಿಕ್ ಫಲಕ, ಮರದ ಕೆತ್ತನೆ ಮಾಡುವ ಇಂಗಾಲದ ಡೈಆಕ್ಸೈಡ್ ಲೇಸರಿನ ಬೆಳಕು 10.6 ಮೈಕ್ರಾನ್‌ನದು. ಗಾಜು ಅದನ್ನು ಪೂರ್ತಿ ನುಂಗಿ ಒಡೆಯುತ್ತದೆ, ಹಾಗಾಗಿ ಜಿಂಕ್ ಸೆಲೆನೈಡ್. ಸೂಚ್ಯಂಕ 2.40, ಲೇಪನವಿಲ್ಲದಿದ್ದರೆ ಮೈಯೊಂದಕ್ಕೆ ಶೇ 17 ನಷ್ಟ. ನೀರಿಗೆ ಕರಗದು, ಆದರೆ ಮೆತ್ತಗೆ: ಬಿಕೆ7ರ ಗಡಸುತನದ ಐದನೇ ಒಂದು ಪಾಲು. ಉಬ್ಬು ಮೈ ಮೇಲಕ್ಕೆ, ಚಪ್ಪಟೆ ಮೈ ಕೆಲಸದ ಕಡೆಗೆ. ತಿರುವುಮುರುವಾದರೆ ಗೆರೆ ದಪ್ಪಗಾಗುತ್ತದೆ. ಹೊಗೆಯ ಕಲೆ ಕೂತ ಜಾಗ ಬಿಸಿ ಹೀರಿ ಲೆನ್ಸ್ ಸೀಳುವುದರಿಂದ ದಿನಕ್ಕೊಮ್ಮೆ ತೆಗೆದು ನೋಡಿ. ಅಸಿಟೋನ್ ಒಂದೆರಡು ಹನಿ ಬಿಟ್ಟ ಕಾಗದವನ್ನು ತನ್ನ ಭಾರದಲ್ಲೇ ಎಳೆಯಿರಿ, ಉಜ್ಜಬೇಡಿ. ವಿನೆಗರ್, ನಿಂಬೆಹುಳಿ ಹತ್ತಿರವೂ ತರಬೇಡಿ.

ಮಳೆಗಾಲದಲ್ಲಿ ಎರಡು ಸಂಗತಿ ಕೈಕೊಡುತ್ತವೆ. ಒಂದು, ಗಾಳಿ ಊದುವ ಕಂಪ್ರೆಸರ್ ನೀರಿನ ಹನಿಯನ್ನೂ ತಂದು ಲೆನ್ಸಿನ ತಳಕ್ಕೆ ಸಿಂಪಡಿಸುತ್ತದೆ. ಬೆಳಿಗ್ಗೆ ಟ್ಯಾಂಕಿನ ನೀರು ಬಸಿದೇ ಯಂತ್ರ ಶುರು ಮಾಡಿ, ಕೊಳವೆಗೆ ನೀರು ಹಿಡಿಯುವ ಫಿಲ್ಟರ್ ಹಾಕಿ. ಎರಡು, ಲೇಸರ್ ಕೊಳವೆಗೆ ತಣ್ಣೀರು ಹರಿಸುವ ಚಿಲ್ಲರ್. ಗಾಳಿ 28 ಡಿಗ್ರಿ, ಆರ್ದ್ರತೆ ಶೇ 90 ಇದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗತೊಡಗುವ ಉಷ್ಣತೆ) 26.2 ಡಿಗ್ರಿ. ಬೇಸಿಗೆಯಲ್ಲಿ ಇಟ್ಟ 20 ಡಿಗ್ರಿಯಲ್ಲೇ ಬಿಟ್ಟರೆ ಲೇಸರ್ ಕೊಳವೆಯ ತುದಿ ಬೆವರುತ್ತದೆ, ಆ ಹನಿಯ ಮೇಲೆ ಬೆಳಕು ಬಿದ್ದು ಕನ್ನಡಿ ಸುಡುತ್ತದೆ. 27ಕ್ಕೆ ಏರಿಸಿ, ಶಕ್ತಿ ತುಸು ಇಳಿದರೂ ಕೊಳವೆ ಉಳಿಯುತ್ತದೆ.

ಲೆನ್ಸ್ ಒಡೆದರೆ ಯಂತ್ರ ಆರಿಸಿ, ಕಿಟಕಿ ತೆರೆದು ಹೊರಗೆ ಬನ್ನಿ. ಸುಟ್ಟ ಸೆಲೆನೈಡಿನ ಹೊಗೆ ಕೊಳೆತ ಮೂಲಂಗಿಯ ವಾಸನೆಯದು, ವಿಷ. ವಾಸನೆ ಹೋದ ಮೇಲೆ ಕೈಗವಸು, ಮಾಸ್ಕ್ ಹಾಕಿ ಒದ್ದೆ ಕಾಗದದಿಂದ ಚೂರುಗಳನ್ನು ಎತ್ತಿ. ಪೊರಕೆ ಹಿಡಿದರೆ ಪುಡಿ ಏಳುತ್ತದೆ. ಎರಡು ಪದರ ಚೀಲದಲ್ಲಿ ಕಟ್ಟಿ, ಮೇಲೆ ‘ಸೆಲೆನಿಯಂ’ ಎಂದು ಬರೆದು, ಲೆನ್ಸ್ ಮಾರಿದವರಿಗೋ ಇ-ತ್ಯಾಜ್ಯ ಪಡೆಯುವವರಿಗೋ ಕೊಡಿ. ಹಿತ್ತಲ ಬೂದಿಗುಂಡಿಗೂ ಬಾವಿಕಟ್ಟೆಯ ಬದಿಗೂ ಬೇಡ.